ಆಷಾಢದಲ್ಲಿ ಒಂದು ಪ್ರೊಸೆಸರ್ ಬದಲಾವಣೆ: ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ

ಅರಸೀಕೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹತ್ತಡಿ ಅಗಲದ ಮಳಿಗೆ, ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ. ಲಗ್ನಪತ್ರಿಕೆ, ತಿಥಿ ಕಾರ್ಡು, ಹಾಲಿನ ಡೇರಿಯ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಸೇವಾ ಸಿಂಧು ಅರ್ಜಿ ಎಲ್ಲವೂ ಆ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ಅದನ್ನು 2012ರಲ್ಲಿ ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತಿ ಕೊಂಡೆ. ಕಂತು ತೀರಿಸಲು ಎರಡು ವರ್ಷ ಹಿಡಿಯಿತು. ಮಗಳ ಓದು, ಮನೆಯ ಬಾಡಿಗೆ ಎರಡೂ ಅದರಿಂದಲೇ ನಡೆದವು.

ಎರಡು ವರ್ಷದಿಂದ ಅದು ಸೊರಗುತ್ತಾ ಬಂತು. ಕೋರೆಲ್‌ಡ್ರಾದಲ್ಲಿ ಪತ್ರಿಕೆ ತೆರೆದು, ನುಡಿಯಲ್ಲಿ ಟೈಪ್ ಮಾಡುತ್ತಾ, ಪಕ್ಕದಲ್ಲಿ ಬ್ರೌಸರ್ ತೆರೆದರೆ ಸಾಕು, ಬಾಣದ ಗುರುತು ನಿಂತಲ್ಲೇ ನಿಲ್ಲುತ್ತಿತ್ತು. ಗಿರಾಕಿ ಎದುರಿಗೆ ಕುಳಿತು ಗಡಿಯಾರ ನೋಡುವಾಗ ಆಗುವ ಸಂಕಟ ಅಂಗಡಿ ಇಟ್ಟವರಿಗೆ ಗೊತ್ತು. ರಿಪೇರಿಯವರೊಬ್ಬರು ಬಂದು ನೋಡಿ, “ಇದಕ್ಕೆ ಇನ್ನು ದುಡ್ಡು ಸುರಿಯಬೇಡಿ ಅಕ್ಕಾ, ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ” ಎಂದರು. ಅವರು ಹೋದ ಮೇಲೆ ನಾನು ಕುಳಿತು ಲೆಕ್ಕ ಹಾಕಿದೆ. ಹೊಸ ಕಂಪ್ಯೂಟರ್ ಎಂದರೆ ಬರಿಯ ಪೆಟ್ಟಿಗೆಯಲ್ಲ. ನನ್ನ ಹಳೆಯ ಪ್ರಿಂಟರ್ ಅದಕ್ಕೆ ಒಗ್ಗಬೇಕು, ಹನ್ನೆರಡು ವರ್ಷದ ಪುಟಗಳು ಅದರಲ್ಲಿ ಅಕ್ಷರ ಚೆದುರದೆ ತೆರೆದುಕೊಳ್ಳಬೇಕು. ಇದ್ದ ಯಂತ್ರದಲ್ಲಿ ಇವೆರಡೂ ಸರಿಯಾಗಿಯೇ ನಡೆಯುತ್ತಿದ್ದವು. ಹಾಗಾಗಿ ಅದನ್ನು ಬಿಡದೆ, ಒಳಗಿನ ಪ್ರೊಸೆಸರನ್ನು, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪನ್ನು, ನಾನೇ ಬದಲಿಸಿದೆ. ಪೆಂಟಿಯಂ ಜಿ620 ಇದ್ದ ಜಾಗದಲ್ಲಿ ಈಗ ಕೋರ್ ಐ5-3470 ಇದೆ.

ಆಷಾಢದಲ್ಲಿ ಮಾಡಿದ್ದಕ್ಕೆ ಕಾರಣವಿದೆ. ಆ ತಿಂಗಳು ಮದುವೆಗಳಿಲ್ಲ, ಪತ್ರಿಕೆಯ ಕೆಲಸವಿಲ್ಲ. ಎರಡು ದಿನ ಯಂತ್ರ ಬಿಚ್ಚಿಟ್ಟರೂ ಯಾರ ಮುಹೂರ್ತವೂ ತಪ್ಪುವುದಿಲ್ಲ. ನಿಮ್ಮ ಕೆಲಸಕ್ಕೂ ಇಂಥ ಬಿಡುವಿನ ಕಾಲವೊಂದು ಇರುತ್ತದೆ, ಅದಕ್ಕೆ ಕಾಯಿರಿ. ನಾಳೆ ಬೆಳಿಗ್ಗೆ ಕೊಡಬೇಕಾದ ಕೆಲಸ ಇಟ್ಟುಕೊಂಡು ಇವತ್ತು ರಾತ್ರಿ ಕ್ಯಾಬಿನೆಟ್ ಬಿಚ್ಚಬೇಡಿ.

ತಪ್ಪು ಪ್ರೊಸೆಸರಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟವನ್ನು ತೆರೆದಿಟ್ಟು ನಿಮ್ಮ ದಿನದ ಕೆಲಸ ಮಾಡಿ. ಯಂತ್ರ ನಿಂತಾಗ ಯಾವುದು ನೂರಕ್ಕೆ ಏರಿದೆ ಎಂದು ನೋಡಿ. ಡಿಸ್ಕ್ ನೂರಕ್ಕೆ ಏರಿದ್ದರೆ ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ್‍ಯಾಮ್ ಹಾಕಿ. ನಾನು ಈ ಎರಡನ್ನೂ ಮೊದಲೇ ಮಾಡಿದ್ದೆ. ಎಸ್‌ಎಸ್‌ಡಿ ಹಾಕಿದ ಮೇಲೆ ಯಂತ್ರ ಬೇಗ ಏಳತೊಡಗಿತು. ರ್‍ಯಾಮ್ 2 ಜಿಬಿಯಿಂದ 8 ಜಿಬಿಗೆ ಹೋಯಿತು. ಅದಾದ ಮೇಲೂ ಕೆಲಸದ ನಡುವೆ ಸಿಪಿಯು, ಅಂದರೆ ಪ್ರೊಸೆಸರಿನ ಗೆರೆ ಮೇಲ್ಗಡೆ ಅಂಟಿಕೊಂಡು ಕೆಳಗಿಳಿಯದೆ ಉಳಿಯಿತು. ಆಗಲೇ ನನಗೆ ಖಚಿತವಾದದ್ದು. ದುಡ್ಡು ಕಡಿಮೆ ಇರುವವರಿಗೆ ನನ್ನ ಮಾತು ಇದೇ: ಎಸ್‌ಎಸ್‌ಡಿ ಮೊದಲು, ರ್‍ಯಾಮ್ ಆಮೇಲೆ, ಪ್ರೊಸೆಸರ್ ಕೊನೆಗೆ.

ಇನ್ನೊಂದು ವಿಷಯವನ್ನೂ ಈಗಲೇ ತಿಳಿದಿರಬೇಕು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರುಗಳನ್ನು. ನಾನು ಹಾಕಿದ್ದು ಮೂರನೆಯ ಪೀಳಿಗೆಯದು. ಈ ಬದಲಾವಣೆ ನಿಮ್ಮನ್ನು ವಿಂಡೋಸ್ 11ಕ್ಕೆ ಒಯ್ಯುವುದಿಲ್ಲ. ನಾನು ಬ್ಯಾಂಕು, ಅರ್ಜಿ ಇತ್ಯಾದಿ ಇಂಟರ್‌ನೆಟ್ ಕೆಲಸಕ್ಕೆ ಅದೇ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು, ಪುಟವಿನ್ಯಾಸಕ್ಕೆ ಮಾತ್ರ ವಿಂಡೋಸ್ ಉಳಿಸಿಕೊಂಡಿದ್ದೇನೆ.

ಮದರ್‌ಬೋರ್ಡ್ ಒಪ್ಪಬೇಕು

ಎಲ್ಲ ಬಿಡಿಭಾಗಗಳೂ ಸೇರುವ ದೊಡ್ಡ ಹಲಗೆಯೇ ಮದರ್‌ಬೋರ್ಡ್. ಅದರಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ನನ್ನದು ಎಲ್‌ಜಿಎ 1155. ಆ ಸಂಖ್ಯೆ ಸಾಕೆಟ್ಟಿನೊಳಗಿನ ಸಂಪರ್ಕ ಪಿನ್ನುಗಳ ಎಣಿಕೆ. 2011ರಲ್ಲಿ ಬಂದ ಇಂಟೆಲ್‌ನ ಎರಡನೆಯ ಪೀಳಿಗೆ, 2012ರಲ್ಲಿ ಬಂದ ಮೂರನೆಯ ಪೀಳಿಗೆ ಎರಡೂ ಈ ಸಾಕೆಟ್ಟಿಗೆ ಸೇರಿದವು. ನಾಲ್ಕನೆಯ ಪೀಳಿಗೆ ಎಲ್‌ಜಿಎ 1150. ಹೆಸರಿನಲ್ಲಿ ಐದೇ ಅಂಕಿಯ ವ್ಯತ್ಯಾಸವಿದ್ದರೂ ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಆಮೇಲಿನ 1151ರಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಆರು ಮತ್ತು ಏಳನೆಯ ಪೀಳಿಗೆಯ ಬೋರ್ಡು, ಎಂಟು ಮತ್ತು ಒಂಬತ್ತನೆಯ ಪೀಳಿಗೆಯ ಬೋರ್ಡು ಎರಡಕ್ಕೂ ಅದೇ ಹೆಸರು, ಆದರೆ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಓಡುವುದಿಲ್ಲ.

ಸಾಕೆಟ್ ಹೊಂದಿದರೆ ಸಾಲದು, ಪ್ರೊಸೆಸರನ್ನು ಉಳಿದ ಭಾಗಗಳಿಗೆ ಬೆಸೆಯುವ ಬೋರ್ಡಿನ ಚಿಪ್‌ಸೆಟ್ ಕೂಡ ಒಪ್ಪಬೇಕು. ನನ್ನದು ಎಚ್61. ನಮ್ಮ ಕಡೆ 2012, 2013ರಲ್ಲಿ ಜೋಡಿಸಿ ಮಾರಿದ ಎಷ್ಟೋ ಯಂತ್ರಗಳಲ್ಲಿ ಇದೇ ಇದೆ. ಇದರಲ್ಲಿ ಎರಡನೆಯ ಪೀಳಿಗೆ ಸಲೀಸಾಗಿ ಓಡುತ್ತದೆ. ಮೂರನೆಯ ಪೀಳಿಗೆಗೆ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಬರೆದಿಟ್ಟಿರುವ ತಂತ್ರಾಂಶ, ಹೊಸದಾಗಬೇಕು. ಕಚೇರಿಗಳಿಂದ ಹೊರಬಂದ ಹಳೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಂಡವರು ಒಂದು ಮಾತು ನೆನಪಿಡಿ. ಅದರಲ್ಲಿ ಕ್ಯು65, ಕ್ಯು67 ಅಥವಾ ಬಿ65 ಚಿಪ್‌ಸೆಟ್ ಇದ್ದರೆ ಮೂರನೆಯ ಪೀಳಿಗೆಯ ಆಸೆ ಬಿಡಿ. ಇಂಟೆಲ್ ಅವುಗಳಿಗೆ ಆ ಬೆಂಬಲ ಕೊಟ್ಟಿಲ್ಲ. ಐ5-2400 ಅಥವಾ ಐ7-2600 ಹುಡುಕಿ.

ಬೋರ್ಡಿನ ಹೆಸರು ತಿಳಿಯಲು ಕ್ಯಾಬಿನೆಟ್ ಬಿಚ್ಚಬೇಕಿಲ್ಲ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್ ಪುಟದಲ್ಲಿ ಬೇಸ್‌ಬೋರ್ಡ್ ಎಂಬ ಸಾಲು ನೋಡಿ, ಅಲ್ಲೇ ಬಯಾಸ್ ಆವೃತ್ತಿಯೂ ಇರುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವೂ ಇದನ್ನು ತೋರಿಸುತ್ತದೆ. ಆ ಹೆಸರನ್ನು ಹಿಡಿದು ಬೋರ್ಡ್ ತಯಾರಕರ ಜಾಲತಾಣಕ್ಕೆ ಹೋದರೆ, ಯಾವ ಪ್ರೊಸೆಸರುಗಳು ಯಾವ ಬಯಾಸ್‌ನಿಂದ ಓಡುತ್ತವೆ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯೇ ಪ್ರಮಾಣ. ಅಂಗಡಿಯವರು ಏನೇ ಹೇಳಲಿ, ಅದರಲ್ಲಿ ಹೆಸರಿಲ್ಲದ ಪ್ರೊಸೆಸರ್ ಕೊಳ್ಳಬೇಡಿ. ಬೋರ್ಡಿನ ಒಂದೇ ಮಾದರಿಗೆ ರಿವಿಷನ್ 1.0, 2.0 ಎಂದು ಬೇರೆ ಬೇರೆ ಪಟ್ಟಿಗಳಿರುತ್ತವೆ. ರಿವಿಷನ್ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲೇ ಅಚ್ಚು ಹಾಕಿರುತ್ತಾರೆ.

ಪಟ್ಟಿಯಲ್ಲಿ ಆಯ್ಕೆ ಮಾಡುವಾಗ ನಾನು ನೋಡಿದ್ದು ಮೂರು ವಿಷಯ. ಒಂದು, ವಿದ್ಯುತ್ತಿನ ಹಸಿವು. ಜಿ620ರ ಮಿತಿ 65 ವಾಟ್, ಐ5-3470ರದು 77, ಐ5-2400ರದು 95. ಯಂತ್ರಕ್ಕೆ ವಿದ್ಯುತ್ ಹಂಚುವ ನನ್ನ ಹಳೆಯ ಎಸ್‌ಎಂಪಿಎಸ್ ಮೇಲೆ ಹೆಚ್ಚು ಭಾರ ಹೇರಲು ಮನಸ್ಸಾಗಲಿಲ್ಲ. ಎರಡು, ಒಳಗೇ ಗ್ರಾಫಿಕ್ಸ್ ಇರಬೇಕು. ನನ್ನ ಬಳಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಐ5-3350ಪಿಯಂಥ ಕೆಲವು ಮಾದರಿಗಳಲ್ಲಿ ಅದು ಇರುವುದಿಲ್ಲ, ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಮೂರು, ಕೋರುಗಳ, ಅಂದರೆ ಒಳಗೆ ಒಟ್ಟಿಗೆ ದುಡಿಯುವ ಘಟಕಗಳ ಸಂಖ್ಯೆ. ಜಿ620ರಲ್ಲಿ ಎರಡು ಕೋರು, 2.6 ಗಿಗಾಹರ್ಟ್ಸ್. ಐ5-3470ರಲ್ಲಿ ನಾಲ್ಕು ಕೋರು, 3.2ರಿಂದ 3.6 ಗಿಗಾಹರ್ಟ್ಸ್. ಇದರ ಜೊತೆಗೆ ಜಿ620ರಲ್ಲಿ ಎವಿಎಕ್ಸ್ ಎಂಬ ಲೆಕ್ಕಾಚಾರದ ಸೌಲಭ್ಯವಿಲ್ಲ. ಅದನ್ನು ಬೇಡುವ ತಂತ್ರಾಂಶಗಳು ಅದರ ಮೇಲೆ ಓಡುವುದೇ ಇಲ್ಲ. ಐ5ರಲ್ಲಿ ಅದಿದೆ. ಐ7-3770 ಇನ್ನೂ ಮೇಲಿನದು ನಿಜ, ಆದರೆ ಅದು ಕೇಳುವ ಬೆಲೆಗೆ ನನ್ನ ಪುಟಗಳ ಕೆಲಸದಲ್ಲಿ ಸಿಗುವ ಲಾಭ ಕಡಿಮೆ ಎಂದು ಬಿಟ್ಟೆ.

ಬಯಾಸ್: ಹಳೆಯ ಪ್ರೊಸೆಸರ್ ಒಳಗಿರುವಾಗಲೇ

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ. ಹೊಸ ಪ್ರೊಸೆಸರನ್ನು ಹಳೆಯ ಬಯಾಸ್ ಗುರುತಿಸುವುದಿಲ್ಲ. ಗುರುತಿಸದಿದ್ದರೆ ಯಂತ್ರ ಏಳುವುದಿಲ್ಲ, ಏಳದಿದ್ದರೆ ಬಯಾಸ್ ಬದಲಿಸಲಾಗುವುದಿಲ್ಲ. ಆದ್ದರಿಂದ ಇದನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು.

ತಯಾರಕರ ಜಾಲತಾಣದಿಂದ ನಿಮ್ಮ ಬೋರ್ಡಿನ, ನಿಮ್ಮ ರಿವಿಷನ್ನಿನ ಕಡತವನ್ನೇ ಇಳಿಸಿಕೊಳ್ಳಿ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ. ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗೆ ಹೋದರೆ ಅಲ್ಲೇ ಆವೃತ್ತಿ ಬದಲಿಸುವ ಸಾಧನ ಇರುತ್ತದೆ. ಕೆಲವು ಎಚ್61 ಬೋರ್ಡುಗಳಲ್ಲಿ ಬಯಾಸ್ ಜೊತೆಗೆ ಎಂಇ ಎಂಬ ಇನ್ನೊಂದು ಫರ್ಮ್‌ವೇರ್ ಕೂಡ ಬದಲಾಗಬೇಕು, ಅದೂ ಹೇಳಿದ ಕ್ರಮದಲ್ಲಿ. ಕಡತದ ಜೊತೆ ಕೊಟ್ಟ ಸೂಚನೆಯನ್ನು ಎರಡು ಸಲ ಓದಿ.

ಹೊಸ ಬಯಾಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಹತ್ತು ನಿಮಿಷ ತಾಳುತ್ತದೆಯೇ ಎಂದು ಹಿಂದಿನ ದಿನವೇ ಪ್ಲಗ್ ತೆಗೆದು ಪರೀಕ್ಷಿಸಿ. ನಾನು ಬೆಳಿಗ್ಗೆ ಆರಕ್ಕೆ ಅಂಗಡಿ ತೆರೆದು, ಬೀದಿಯ ವೆಲ್ಡಿಂಗ್ ಶೆಡ್ಡು ಬಾಗಿಲು ತೆರೆಯುವ ಮೊದಲೇ ಮುಗಿಸಿದೆ. ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಕುರ್ಚಿಯ ಮೇಲೆ ಕೂರಲು ನನ್ನಿಂದ ಆಗಲಿಲ್ಲ.

ಇಷ್ಟು ಅಪಾಯ ಬೇಡ ಎನ್ನಿಸಿದರೆ ಎರಡನೆಯ ಪೀಳಿಗೆಯ ಐ5 ಹಾಕಿಕೊಳ್ಳಿ. ಎಚ್61 ಜೊತೆಗೇ ಹುಟ್ಟಿದ ಪೀಳಿಗೆಯದು, ಬಹುಪಾಲು ಬೋರ್ಡುಗಳಲ್ಲಿ ಬಯಾಸ್ ಮುಟ್ಟದೆಯೇ ಓಡುತ್ತದೆ.

ಎಸ್‌ಪಿ ರಸ್ತೆಯ ಒಂದು ಮಧ್ಯಾಹ್ನ

ಇಷ್ಟು ಹಳೆಯ ಪ್ರೊಸೆಸರ್ ಹೊಸದಾಗಿ ಸಿಗುವುದಿಲ್ಲ, ಸೆಕೆಂಡ್‌ಹ್ಯಾಂಡ್ ಆಗಿಯೇ ಕೊಳ್ಳಬೇಕು. ಬಳಸಿದ ಎಸ್‌ಎಂಪಿಎಸ್, ಬಳಸಿದ ಹಾರ್ಡ್‌ಡಿಸ್ಕ್ ಕೊಳ್ಳಲು ನಾನು ಹೆದರುತ್ತೇನೆ. ಬಳಸಿದ ಪ್ರೊಸೆಸರಿಗೆ ಅಷ್ಟು ಹೆದರಬೇಕಿಲ್ಲ. ಅದರಲ್ಲಿ ತಿರುಗುವ, ಸವೆಯುವ ಭಾಗವಿಲ್ಲ. ಕಂಪ್ಯೂಟರಿನ ಎಲ್ಲಾ ಬಿಡಿಭಾಗಗಳಲ್ಲಿ ಕೆಡುವುದು ತೀರಾ ಕಡಿಮೆ ಎಂದರೆ ಅದೇ.

ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು, ಅಲ್ಲಿಂದ ಎಸ್‌ಪಿ ರಸ್ತೆಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿ ಹೆಚ್ಚು ಮಂದಿ ಹೇಳುವುದಿಲ್ಲ. ನಾಲ್ಕು ಅಂಗಡಿಗಳಲ್ಲಿ ಬೆಲೆ ಕೇಳಿ, ಐದನೆಯದರಲ್ಲಿ ಕೊಂಡೆ. ಅಲ್ಲಿ ಬೆಲೆ ಕಡಿಮೆ ಇತ್ತು ಎಂದಲ್ಲ. “ಇಲ್ಲೇ ಬೋರ್ಡಿಗೆ ಹಾಕಿ ತೋರಿಸುತ್ತೇನೆ ಮೇಡಂ” ಎಂದು ಅವರಾಗಿಯೇ ಹೇಳಿದರು. ನಿಮ್ಮ ಕಣ್ಣೆದುರಿಗೆ ಬೋರ್ಡಿಗೆ ಹಾಕಿ, ಪರದೆಯ ಮೇಲೆ ಹೆಸರು ತೋರಿಸದವರಿಂದ ಕೊಳ್ಳಬೇಡಿ. 1,500 ರೂಪಾಯಿ ಆಯಿತು, ಒಂದು ತಿಂಗಳೊಳಗೆ ತೊಂದರೆಯಾದರೆ ಬದಲಿಸಿಕೊಡುವುದಾಗಿ ಬಿಲ್ಲಿನ ಮೇಲೆ ಬರೆಸಿಕೊಂಡೆ.

ಪ್ರೊಸೆಸರಿನ ಬೆನ್ನ ಮೇಲಿನ ಲೋಹದ ಮುಚ್ಚಳದಲ್ಲಿ ಕೆತ್ತಿರುವುದನ್ನು ಓದಿ. ಮಾದರಿಯ ಸಂಖ್ಯೆ ಇರುತ್ತದೆ, ಈ ಪೀಳಿಗೆಯವಾದರೆ ಎಸ್‌ಆರ್ ಎಂದು ಆರಂಭವಾಗುವ ಐದಕ್ಷರದ ಗುರುತಿರುತ್ತದೆ. ಅದರ ಬದಲು ಕಾನ್ಫಿಡೆನ್ಶಿಯಲ್ ಎಂದಿದ್ದರೆ ಅದು ತಯಾರಿಕೆಯ ಹಂತದ ಪರೀಕ್ಷಾ ಮಾದರಿ, ಮಾರಾಟಕ್ಕೆಂದು ಬಂದದ್ದಲ್ಲ, ಬೇಡ. ಕೆಳಮೈಯಲ್ಲಿ ಚಿನ್ನದ ಬಣ್ಣದ ಚುಕ್ಕೆಗಳಿವೆ. ಅವುಗಳಲ್ಲಿ ಸುಟ್ಟ ಕಲೆ ಇರಬಾರದು, ನಡುವಿನ ಪುಟ್ಟ ಬಿಡಿಭಾಗಗಳಲ್ಲಿ ಒಂದೂ ಕಿತ್ತುಹೋಗಿರಬಾರದು.

ಅದೇ ಅಂಗಡಿಯಲ್ಲಿ ಇಂಟೆಲ್‌ನದೇ ಹಳೆಯ ಹೀಟ್‌ಸಿಂಕ್, ಅಂದರೆ ಪ್ರೊಸೆಸರಿನ ಮೇಲೆ ಕೂತು ಶಾಖ ಹೀರುವ ಲೋಹದ ಗಟ್ಟಿ, ಒಂದನ್ನೂ ಕೊಂಡೆ. ನನ್ನ ಪೆಂಟಿಯಂ ಜೊತೆ ಬಂದದ್ದು ತೆಳ್ಳಗಿನ, ಪೂರ್ತಿ ಅಲ್ಯೂಮಿನಿಯಂನದು. ಇದು ದಪ್ಪ, ನಡುವೆ ತಾಮ್ರದ ತಿರುಳಿದೆ, ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. 1155, 1150, 1151 ಮೂರಕ್ಕೂ ತೂತುಗಳ ಅಂತರ ಒಂದೇ, 75 ಮಿಲಿಮೀಟರ್. ಯಾವುದರದ್ದಾದರೂ ನಡೆಯುತ್ತದೆ.

ಬಿಚ್ಚುವ ಮೊದಲು

ಬೇಕಾದದ್ದು ಹೆಚ್ಚಿಲ್ಲ. ಪ್ಲಸ್ ತುದಿಯ ಸ್ಕ್ರೂಡ್ರೈವರ್, ಪ್ರೊಸೆಸರಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟಿನ ಸಣ್ಣ ಟ್ಯೂಬ್, ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಹಳೆಯ ಹತ್ತಿ ಬಟ್ಟೆ, ಬಣ್ಣ ಹಚ್ಚುವ ಮೆತ್ತನೆಯ ಕುಂಚ, ಟಾರ್ಚು. ಆಲ್ಕೋಹಾಲನ್ನು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಅದರ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿರುವ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಸ್ಕ್ರೂಗಳಿಗೆ ನಾನು ತೂತಿಲ್ಲದ ಹಳೆಯ ಇಡ್ಲಿ ತಟ್ಟೆ ಇಟ್ಟುಕೊಂಡೆ. ಬಿಚ್ಚಿದ ಕ್ರಮದಲ್ಲಿ ಒಂದೊಂದು ಕುಳಿಗೆ ಹಾಕುತ್ತಾ ಹೋದರೆ ಜೋಡಿಸುವಾಗ ತಿರುಗಿ ಹಿಂದಿನಿಂದ ಬರಬಹುದು.

ಮೊದಲು ಕಡತಗಳ ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಪ್ರೊಸೆಸರ್ ಬದಲಿಸಿದರೆ ವಿಂಡೋಸ್ ಮತ್ತೆ ಹಾಕಬೇಕಿಲ್ಲ, ಕಡತಗಳಿಗೂ ಏನೂ ಆಗುವುದಿಲ್ಲ. ಆದರೂ ಹನ್ನೆರಡು ವರ್ಷದ ದುಡಿಮೆಯನ್ನು ಒಂದೇ ಡಿಸ್ಕಿನ ಮೇಲೆ ನಂಬಿ ಬಿಡಬಾರದು.

ಸ್ಥಾಯಿ ವಿದ್ಯುತ್ತಿನ ಬಗ್ಗೆ ಹೆಣ್ಣುಮಕ್ಕಳಿಗೆ ಎರಡು ಮಾತು ಹೇಳಬೇಕು. ಈ ವಿಷಯ ಬರೆಯುವವರು ಇದನ್ನು ಬರೆಯುವುದು ಕಡಿಮೆ. ಆ ದಿನ ನೈಲಾನ್, ಪಾಲಿಯೆಸ್ಟರ್ ಸೀರೆ ಬೇಡ, ಹತ್ತಿ ಉಡಿ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಉಂಗುರ ತೆಗೆದಿಡಿ. ಬಳೆ ತೆಗೆಯಲು ಮನಸ್ಸಾಗದಿದ್ದರೆ ಮೊಳಕೈಯತ್ತ ಏರಿಸಿ, ಜಾರದಂತೆ ಕರ್ಚೀಫು ಕಟ್ಟಿಕೊಳ್ಳಿ. ನಾನು ಹಾಗೆಯೇ ಮಾಡಿದೆ. ತೆರೆದ ಸಾಕೆಟ್ಟಿನ ಮೇಲೆ ಒಂದು ಬಳೆ ತಗುಲಿದರೂ ಪಿನ್ನುಗಳು ಬಾಗುತ್ತವೆ. ಕುತ್ತಿಗೆಯ ಸರವನ್ನು ರವಿಕೆಯೊಳಗೆ ಹಾಕಿಕೊಳ್ಳಿ.

ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕೆಲಸದುದ್ದಕ್ಕೂ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರಿ.

ಮುಚ್ಚಳ ತೆಗೆದಾಗ ನನ್ನ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ನಮ್ಮದು ತೆಂಗಿನ ಸೀಮೆ, ಗಾಳಿಯಲ್ಲಿ ನಾರಿನ ಧೂಳು. ಅದು ಬೂದು ಬಣ್ಣದ ಕಂಬಳಿಯಂತೆ ಹೆಣೆದುಕೊಂಡಿತ್ತು. ಕುಂಚದಿಂದ ಬಿಡಿಸಿ ತೆಗೆದೆ. ಈ ಹಂತದಲ್ಲಿ ಬೋರ್ಡಿನ ಮೇಲೆ ಟಾರ್ಚು ಬಿಟ್ಟು, ಪುಟ್ಟ ಡಬ್ಬಿಯಂತೆ ನಿಂತಿರುವ ಕೆಪಾಸಿಟರುಗಳನ್ನು ನೋಡಿ. ತಲೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಆ ಬೋರ್ಡಿನ ಆಯಸ್ಸು ಮುಗಿಯುತ್ತಾ ಬಂದಿದೆ, ಅದಕ್ಕೆ ಪ್ರೊಸೆಸರ್ ಹಾಕಬೇಡಿ. ಪ್ರೊಸೆಸರ್ ಕೊಳ್ಳುವ ಮೊದಲೇ ಇದನ್ನೊಮ್ಮೆ ನೋಡಿಬಿಡುವುದು ಇನ್ನೂ ಒಳ್ಳೆಯದು.

ಬದಲಿಸುವ ಕೆಲಸ

ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ. ಹೀಟ್‌ಸಿಂಕಿನ ಫ್ಯಾನಿನ ತಂತಿಯನ್ನು ಬೋರ್ಡಿನ ಸಿಪಿಯು ಫ್ಯಾನ್ ಕೊಂಡಿಯಿಂದ ಬಿಡಿಸಿ. ಹೀಟ್‌ಸಿಂಕನ್ನು ಹಿಡಿದಿರುವುದು ನಾಲ್ಕು ಮೂಲೆಯ ಕಪ್ಪು ತಲೆಯ ಪ್ಲಾಸ್ಟಿಕ್ ಪಿನ್ನುಗಳು. ಪ್ರತಿ ತಲೆಯ ಮೇಲೂ ಬಾಣ ಇದೆ. ಬಾಣ ತೋರಿಸುವ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಬಿಡುತ್ತದೆ.

ನಾಲ್ಕೂ ಬಿಟ್ಟ ಮೇಲೂ ಹೀಟ್‌ಸಿಂಕ್ ಅಂಟಿಕೊಂಡೇ ಇರಬಹುದು, ಒಳಗಿನ ಪೇಸ್ಟು ವರ್ಷಗಳಿಂದ ಒಣಗಿ ಗಾರೆಯಾಗಿರುತ್ತದೆ. ನೇರ ಮೇಲಕ್ಕೆ ಕೀಳಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ. ಬಿಚ್ಚುವುದಕ್ಕೆ ಮುಂಚೆ ಯಂತ್ರವನ್ನು ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿದ್ದರೆ ಪೇಸ್ಟು ಮೆತ್ತಗಾಗಿರುತ್ತದೆ. ಎಎಂಡಿ ಯಂತ್ರದವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಅವರ ಎಎಂ3, ಎಎಂ4 ಸಾಕೆಟ್ಟುಗಳಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲೇ. ಜೋರಾಗಿ ಕಿತ್ತರೆ ಬೀಗ ಹಾಕಿದ ಸಾಕೆಟ್ಟಿನಿಂದಲೇ ಪ್ರೊಸೆಸರ್ ಹೀಟ್‌ಸಿಂಕಿಗೆ ಅಂಟಿಕೊಂಡು ಹೊರಬರುತ್ತದೆ, ಪಿನ್ನುಗಳು ಬಾಗುತ್ತವೆ.

ಈಗ ಸಾಕೆಟ್ಟು. ಪಕ್ಕದ ಲೋಹದ ಕಡ್ಡಿಯನ್ನು ಸ್ವಲ್ಪ ಕೆಳಗೊತ್ತಿ, ಹೊರಗೆ ಸರಿಸಿ, ಮೇಲಕ್ಕೆತ್ತಿ. ಲೋಹದ ಚೌಕಟ್ಟು ತೆರೆದುಕೊಳ್ಳುತ್ತದೆ. ಹಳೆಯ ಪ್ರೊಸೆಸರನ್ನು ಎರಡು ಅಂಚುಗಳಲ್ಲಿ ಹಿಡಿದು ನೇರ ಮೇಲಕ್ಕೆತ್ತಿ, ಹೊಸದು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ಕೆಳಗೆ ಕಾಣುವ ಪಿನ್ನುಗಳು ರೇಷ್ಮೆಯ ಎಳೆಗಿಂತ ನಾಜೂಕು. ಅವುಗಳನ್ನು ಬೆರಳಿನಿಂದಾಗಲಿ ಕುಂಚದಿಂದಾಗಲಿ ಮುಟ್ಟಬಾರದು, ಬಾಯಿಂದ ಊದಲೂಬಾರದು. ಧೂಳೆಲ್ಲಾ ತೆಗೆಯುವುದು ಸಾಕೆಟ್ ತೆರೆಯುವ ಮೊದಲೇ ಆಗಬೇಕು ಎನ್ನುವುದು ಇದಕ್ಕೇ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಾಲುಗಳು ನಾಟಿ ಮಾಡಿದ ಗದ್ದೆಯಂತೆ ಒಂದೇ ಸಮನಾಗಿ ಮಿಂಚಬೇಕು. ಎಲ್ಲಾದರೂ ಸಾಲು ಮುರಿದಿದ್ದರೆ ಅಲ್ಲೊಂದು ಪಿನ್ನು ಬಾಗಿದೆ ಎಂದರ್ಥ.

ಹೊಸ ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ತ್ರಿಕೋನವಿದೆ, ಎರಡು ಅಂಚುಗಳಲ್ಲಿ ಪುಟ್ಟ ಕಚ್ಚುಗಳಿವೆ. ಸಾಕೆಟ್ಟಿನಲ್ಲಿ ಅವಕ್ಕೆ ಹೊಂದುವ ಉಬ್ಬುಗಳಿವೆ. ಹೊಂದಿಸಿ, ನೇರವಾಗಿ ಇಳಿಸಿ, ಕೈ ಬಿಡಿ. ಒತ್ತುವುದು ಬೇಡ. ತನ್ನ ತೂಕದಲ್ಲಿ ತಾನೇ ಕೂರದಿದ್ದರೆ ದಿಕ್ಕು ತಪ್ಪಿದೆ. ಆಮೇಲೆ ಚೌಕಟ್ಟು ಮುಚ್ಚಿ, ಅದರ ಮೂತಿ ಮುಂದಿನ ಸ್ಕ್ರೂ ಕೆಳಗೆ ಸರಿಯುವಂತೆ ನೋಡಿಕೊಂಡು ಕಡ್ಡಿಯನ್ನು ಕೆಳಗಿಳಿಸಿ. ಇಲ್ಲಿ ಮಾತ್ರ ಬಲ ಬೇಕು. ಕಿರ್ ಎಂಬ ಸದ್ದೂ ಬರುತ್ತದೆ. ನನ್ನ ಎದೆ ಒಮ್ಮೆ ನಿಂತಂತಾಯಿತು, ಆದರೆ ಅದು ಸಹಜವಾದ ಸದ್ದು.

ಲೋಹದ ಮುಚ್ಚಳವನ್ನೂ ಹೀಟ್‌ಸಿಂಕಿನ ತಳವನ್ನೂ ಆಲ್ಕೋಹಾಲ್ ಬಟ್ಟೆಯಿಂದ ಮಿರುಗುವವರೆಗೆ ಒರೆಸಿ, ಆರಲು ಬಿಡಿ. ಮುಚ್ಚಳದ ನಡುವೆ ಒಂದು ತೊಗರಿಬೇಳೆಯಷ್ಟು ಪೇಸ್ಟು ಇಡಿ. ಕಡಲೆಕಾಳಿನಷ್ಟಾದರೆ ಜಾಸ್ತಿ, ಅಂಚಿನಿಂದ ಹೊರಗೆ ಸುರಿಯುತ್ತದೆ. ಬೆರಳಿನಿಂದ ಹರಡಬೇಡಿ, ಹೀಟ್‌ಸಿಂಕ್ ಒತ್ತಿದಾಗ ತಾನೇ ಹರಡಿಕೊಳ್ಳುತ್ತದೆ.

ಹೀಟ್‌ಸಿಂಕ್ ಕೂರಿಸುವ ಮುನ್ನ ನಾಲ್ಕೂ ತಲೆಗಳನ್ನು ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿ ಮೊದಲಿನ ಸ್ಥಿತಿಗೆ ತನ್ನಿ. ತೂತುಗಳ ನೇರಕ್ಕೆ ಇಟ್ಟು, ಒಂದು ಮೂಲೆ ಒತ್ತಿದರೆ ಮುಂದೆ ಅದರ ಎದುರು ಮೂಲೆ, ಹೀಗೆ ಕರ್ಣದ ಕ್ರಮದಲ್ಲಿ ಒತ್ತಿ. ಪ್ರತಿಯೊಂದೂ ಟಿಕ್ ಎನ್ನಬೇಕು. ಫ್ಯಾನಿನ ತಂತಿ ಮರಳಿ ಸಿಕ್ಕಿಸಿ.

ನಾನು ತಪ್ಪು ಮಾಡಿದ್ದು ಈ ಪಿನ್ನುಗಳಲ್ಲೇ. ಮೂರು ಟಿಕ್ ಕೇಳಿದೆ, ನಾಲ್ಕನೆಯದೂ ಕೇಳಿತು ಎಂದುಕೊಂಡೆ. ಯಂತ್ರ ಎದ್ದಿತು, ಬಯಾಸ್ ಪರದೆಯಲ್ಲಿ ಐ5-3470 ಎಂಬ ಹೆಸರು ಮೂಡಿತು, ಸಂತೋಷಕ್ಕೆ ಕಣ್ಣು ಮಂಜಾಯಿತು. ಆದರೆ ಅಲ್ಲೇ ಪಕ್ಕದಲ್ಲಿದ್ದ ಶಾಖದ ಅಂಕಿ ನೋಡನೋಡುತ್ತಲೇ 60, 75, 88 ಎಂದು ಏರಿತು. ಕೂಡಲೇ ಆರಿಸಿದೆ. ಕ್ಯಾಬಿನೆಟ್ಟಿನೊಳಗೆ ಕೈಯಾಡಿಸಿ ಎಷ್ಟು ಒತ್ತಿದರೂ ಆ ಪಿನ್ನು ಕೂರಲಿಲ್ಲ. ಕಡೆಗೆ ಮದರ್‌ಬೋರ್ಡನ್ನೇ ಪೂರ್ತಿ ಹೊರತೆಗೆದು, ಪೇಸ್ಟು ಒರೆಸಿ ಹೊಸದಾಗಿ ಹಾಕಿ, ಬೋರ್ಡಿನ ಬೆನ್ನು ಕಾಣುವಂತೆ ಹಿಡಿದು ಒತ್ತಿದೆ. ಬಿಳಿಯ ಕವಲು ತೂತಿನಿಂದ ಹೊರಬಂದು, ಅದರ ನಡುವೆ ಕಪ್ಪು ಕಡ್ಡಿ ಇಳಿದಿರುವುದು ನಾಲ್ಕೂ ಕಡೆ ಕಾಣಬೇಕು. ಆಗ ಮಾತ್ರ ಅದು ಕೂತಂತೆ. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಬೆನ್ನು ಕಾಣುವ ಕಿಂಡಿ ಇಲ್ಲದಿದ್ದರೆ ಮೊದಲೇ ಬೋರ್ಡು ಹೊರತೆಗೆಯಿರಿ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ತೆಗೆಯುವ ಮುನ್ನ ಎಲ್ಲ ತಂತಿಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಪವರ್ ಗುಂಡಿಯ ಸಣ್ಣ ತಂತಿಗಳನ್ನು ನೆನಪಿನಿಂದ ಜೋಡಿಸಲು ಆಗುವುದಿಲ್ಲ.

ಪರದೆ ಬರದಿದ್ದರೆ

ಗಾಬರಿಯಾಗಬೇಡಿ. ಸಾಕೆಟ್ಟಿನ ಹತ್ತಿರ ನಾಲ್ಕು ತಂತಿಯ ಚೌಕಾಕಾರದ ಪವರ್ ಕೊಂಡಿ ಇದೆ, ಪ್ರೊಸೆಸರಿಗೆ ವಿದ್ಯುತ್ ಅದರಿಂದಲೇ ಬರುವುದು. ಮರೆತು ಬಿಡುವುದು ಅದನ್ನೇ. ಅದು ಸರಿಯಿದ್ದರೆ ರ್‍ಯಾಮ್ ತೆಗೆದು, ಅದರ ಚಿನ್ನದ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿ ಕೂರಿಸಿ, ಒಂದನ್ನೇ ಹಾಕಿ ನೋಡಿ. ಆಮೇಲೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಹತ್ತು ವರ್ಷದ ಬ್ಯಾಟರಿಯಾಗಿದ್ದರೆ ಹೊಸದನ್ನೇ ಹಾಕಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟಕ್ಕೂ ಬರದಿದ್ದರೆ ಹಳೆಯ ಪ್ರೊಸೆಸರ್ ಮರಳಿ ಹಾಕಿ. ಅದರಲ್ಲಿ ಎದ್ದರೆ ಬಯಾಸ್ ಆವೃತ್ತಿ ನೋಡಿ. ಅದೂ ಸರಿಯಾಗಿದ್ದರೆ ಹೊಸ ಪ್ರೊಸೆಸರಿನದೇ ದೋಷ, ಬಿಲ್ಲು ಹಿಡಿದು ಅಂಗಡಿಗೆ ಹೋಗಿ. ಕೆಲವೇ ಸೆಕೆಂಡು ಓಡಿ ಆರಿಹೋಗುತ್ತಿದ್ದರೆ ಹೀಟ್‌ಸಿಂಕ್ ಮತ್ತು ಫ್ಯಾನ್ ಕಡೆ ನೋಡಿ.

ಪರದೆ ಬಂದರೆ ಬಯಾಸ್ ಒಳಗೆ ಹೋಗಿ ಪ್ರೊಸೆಸರಿನ ಹೆಸರು, ರ್‍ಯಾಮ್ ಪ್ರಮಾಣ, ಫ್ಯಾನಿನ ವೇಗ, ಶಾಖ ನಾಲ್ಕನ್ನೂ ನೋಡಿ. ದಿನಾಂಕ ಸರಿಪಡಿಸಿ. ಹತ್ತು ನಿಮಿಷ ಅಲ್ಲೇ ಬಿಟ್ಟು ಶಾಖ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ನನ್ನದು ಎರಡನೆಯ ಸಲ 41ರಲ್ಲಿ ನಿಂತಿತು. ಇಡೀ ದಿನದ ಕೆಲಸದ ನಡುವೆ 66 ದಾಟಿಲ್ಲ. ರ್‍ಯಾಮ್ ವಿಷಯದಲ್ಲಿ ಎಣಿಸದ ಲಾಭವೊಂದು ಸಿಕ್ಕಿತು. ಜಿ620 ಡಿಡಿಆರ್3 ರ್‍ಯಾಮನ್ನು 1066ರ ವೇಗದಲ್ಲೇ ಓಡಿಸುತ್ತಿತ್ತು. ನನ್ನ ಬಳಿ ಇದ್ದದ್ದು 1333ರದು, ಅದು ಈಗ ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆ.

ವ್ಯತ್ಯಾಸ ಎಷ್ಟು ಎಂದು ಕೇಳುವವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ದೇವಸ್ಥಾನದ 48 ಪುಟದ ಸ್ಮರಣ ಸಂಚಿಕೆಯನ್ನು ಪಿಡಿಎಫ್ ಮಾಡಲು ಆರೂವರೆ ನಿಮಿಷ ಹಿಡಿಯುತ್ತಿತ್ತು, ಈಗ ನಾಲ್ಕು ನಿಮಿಷ ಸಾಕು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಆ ನಾಲ್ಕು ನಿಮಿಷವೂ ನಾನು ಇನ್ನೊಂದು ಪುಟದಲ್ಲಿ ಟೈಪ್ ಮಾಡುತ್ತಿರಬಹುದು, ಅಕ್ಷರಗಳು ಬೆರಳಿನ ಜೊತೆಗೇ ಮೂಡುತ್ತವೆ.

ಕ್ಯಾಬಿನೆಟ್ಟಿನ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಪ್ರೊಸೆಸರಿನ ಹೆಸರು, ಬಯಾಸ್ ಆವೃತ್ತಿ, ಪೇಸ್ಟು ಹಾಕಿದ ದಿನ, ಬ್ಯಾಟರಿ ಬದಲಿಸಿದ ದಿನ. ನೀವೂ ಬರೆದು ಅಂಟಿಸಿ, ಮುಂದೆ ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ. ಹಳೆಯ ಜಿ620 ಡಬ್ಬಿಯಲ್ಲಿ ಭದ್ರವಾಗಿ ಮೇಜಿನ ಮೇಲಿನ ಡ್ರಾಯರಿನಲ್ಲಿದೆ, ಅದರ ಮೇಲೂ ಹೆಸರು ಬರೆದಿದ್ದೇನೆ.